‘ಬೇಡ’ ಅಂದಾಗ ಏನಾಗುತ್ತೆ? ಸಂಗಾತಿಯ ಹಿಂಸೆಯ ಮುನ್ಸೂಚನೆಗಳನ್ನು ನಾವು ಹೇಳಿಕೊಡುವ ಬಗೆ

ಸಂಗಾತಿಯಿಂದ ಆಗುವ ಹಿಂಸೆಯ ಬಗ್ಗೆ ಅರಿವು ಮೂಡಿಸಲು ಹೊರಟವರು ಸಾಮಾನ್ಯವಾಗಿ ಮೊದಲು ಹುಡುಕುವುದು ಊದಿಕೊಂಡ ಕಣ್ಣಿನ ಚಿತ್ರವನ್ನು. ನಾವು ಅದನ್ನು ಪೂರ್ತಿ ಬಿಟ್ಟಿದ್ದೇವೆ. ಇನ್ನೂ ಏಟು ತಿನ್ನದವರು ಆ ಚಿತ್ರ ನೋಡಿದರೆ ‘ಸದ್ಯ, ನಮ್ಮನೇಲಿ ಹೀಗೇನಿಲ್ಲ’ ಎಂದು ಸಮಾಧಾನಪಟ್ಟುಕೊಂಡು ಹೋಗುತ್ತಾರೆ. ಏಟು ತಿಂದವರೂ ‘ನನಗೆ ಇಷ್ಟೊಂದೇನೂ ಆಗಿಲ್ಲವಲ್ಲ’ ಅಂದುಕೊಳ್ಳುತ್ತಾರೆ. ಮುನ್ಸೂಚನೆ ಅನ್ನುವುದು ಏಟಿಗಿಂತ ಎಷ್ಟೋ ಮೊದಲಿನ ಸಂಗತಿ. ಅದು ಕಣ್ಣಿಗೆ ಬೀಳುವ ಮೊದಲು ಕಿವಿಗೆ ಬೀಳುತ್ತದೆ, ದಿನಾ ಕೇಳುವ ಮಾತಿನಲ್ಲಿ. ಆದ್ದರಿಂದ ನಮ್ಮ ತರಬೇತಿ ನಿಂತಿರುವುದು ಮಾತುಗಳ ಮೇಲೆ. ‘ನಿಯಂತ್ರಿಸುವ ಸ್ವಭಾವ’ ಎಂದರೆ ಯಾರಿಗೂ ತಮ್ಮ ಮನೆ ನೆನಪಾಗುವುದಿಲ್ಲ. ‘ಯಾರ ಜೊತೆ ಇಷ್ಟು ಹೊತ್ತು ಮಾತಾಡ್ತಿದ್ದೆ? ಫೋನ್ ಕೊಡು ಇಲ್ಲಿ’ ಎಂದರೆ ನೆನಪಾಗುತ್ತದೆ.

ತಯಾರಿಯಿಂದ ಶುರು ಮಾಡುತ್ತೇನೆ, ಏಕೆಂದರೆ ಹೆಚ್ಚಿನ ತಪ್ಪುಗಳು ಕಾರ್ಯಕ್ರಮ ಶುರುವಾಗುವ ಮೊದಲೇ ಆಗಿಹೋಗಿರುತ್ತವೆ. ಒಂದು ಗುಂಪಿಗೆ 20 ಜನ, ಅದಕ್ಕಿಂತ ಹೆಚ್ಚು ಬೇಡ. ಅವಧಿ 90 ನಿಮಿಷ. ನಡೆಸಿಕೊಡಲು ಇಬ್ಬರು ಬೇಕೇ ಬೇಕು: ಒಬ್ಬರು ಮಾತಾಡಲು, ಇನ್ನೊಬ್ಬರು ಬಾಗಿಲ ಹತ್ತಿರ ಕೂತು ಯಾರಾದರೂ ಎದ್ದು ಹೊರಗೆ ಹೋದರೆ ಹಿಂದೆ ಹೋಗಲು. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ, ಸಂಗಾತಿಯೊಡನೆ ಬಾಳಿರುವ 15ರಿಂದ 49 ವರ್ಷದ ಹೆಂಗಸರಲ್ಲಿ ಸುಮಾರು 27% ಮಂದಿ ಸಂಗಾತಿಯಿಂದ ದೈಹಿಕ ಅಥವಾ ಲೈಂಗಿಕ ಹಿಂಸೆ ಅನುಭವಿಸಿದ್ದಾರೆ. 20 ಹೆಂಗಸರ ಗುಂಪಿನಲ್ಲಿ ಐದು ಮಂದಿಗೆ ಇದು ಕೇಳಿ ತಿಳಿಯಬೇಕಾದ ವಿಷಯವಲ್ಲ, ಅನುಭವಿಸಿದ ವಿಷಯ ಎಂದು ಲೆಕ್ಕ ಹಾಕಿಕೊಂಡೇ ನಾವು ಒಳಗೆ ಹೋಗುತ್ತೇವೆ. ಗಂಡಸರಿಗೂ, ಒಂದೇ ಲಿಂಗದ ಜೋಡಿಗಳಲ್ಲೂ ಹಿಂಸೆ ಆಗುತ್ತದೆ. ಸಂಕೋಚದಿಂದ ಅವರು ಇನ್ನೂ ಕಡಿಮೆ ಬಾಯಿಬಿಡುತ್ತಾರೆ. ಹಾಗಾಗಿ ತರಬೇತಿಗೆ ಬಳಸುವ ಕಾರ್ಡುಗಳಲ್ಲಿ ‘ಗಂಡ’, ‘ಹೆಂಡತಿ’ ಎಂದು ಬರೆಯದೆ ಆಡಿದ ಮಾತನ್ನು ಮಾತ್ರ ಬರೆಯುತ್ತೇವೆ.

ಕಾರ್ಯಕ್ರಮದ ಹೆಸರಿನಲ್ಲಿ ‘ಹಿಂಸೆ’ ಅನ್ನುವ ಪದ ಇರಬಾರದು. ‘ಇವತ್ತು ಎಲ್ಲಿಗೆ ಹೋಗಿದ್ದೆ?’ ಎಂಬ ಪ್ರಶ್ನೆಗೆ ಉತ್ತರ ಕೊಡಲೇಬೇಕಾದವರೇ ನಮಗೆ ಮುಖ್ಯ. ‘ಕುಟುಂಬದ ಆರೋಗ್ಯ’ ಎಂದಿದ್ದರೆ ಅವರು ಬರಬಹುದು, ಕಾರ್ಯಕ್ರಮದ ಚೀಟಿ ಮನೆಗೂ ಹೋಗಬಹುದು. ಹಾಜರಿ ಪುಸ್ತಕ ಇಡುವುದಿಲ್ಲ, ಫೋಟೊ ತೆಗೆಯುವುದಿಲ್ಲ. ಕಾರ್ಯಕ್ರಮ ಏರ್ಪಡಿಸಿದವರು ವರದಿಗೆ ಫೋಟೊ ಕೇಳಿಯೇ ಕೇಳುತ್ತಾರೆ. ಖಾಲಿ ಕುರ್ಚಿಗಳ ಫೋಟೊ ಕೊಡುತ್ತೇವೆ.

ಇನ್ನು ಕಾರ್ಡುಗಳು. ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ಎಂಬ ಊರಿನಲ್ಲಿ 1984ರಲ್ಲಿ, ಹಿಂಸೆ ಉಂಡ ಹೆಂಗಸರ ಜೊತೆ ಕೂತು ಅವರು ಹೇಳಿದ್ದನ್ನೇ ಜೋಡಿಸಿ ‘ಅಧಿಕಾರ ಮತ್ತು ನಿಯಂತ್ರಣದ ಚಕ್ರ’ ಎಂಬ ಚಿತ್ರ ಬರೆದರು. ಅದರಲ್ಲಿ ದೈಹಿಕ ಮತ್ತು ಲೈಂಗಿಕ ಹಿಂಸೆ ಇರುವುದು ಹೊರಗಿನ ಬಳೆಯಲ್ಲಿ. ಒಳಗಿನ ಎಂಟು ಅರಗಳು ಬೇರೆ: ಬೆದರಿಕೆ ಮತ್ತು ಒತ್ತಾಯ, ಹೆದರಿಸುವ ನೋಟ ಮತ್ತು ವಸ್ತು ಒಡೆಯುವುದು, ಮನಸ್ಸು ಮುರಿಯುವ ಮಾತು, ಒಂಟಿಯಾಗಿಸುವುದು, ಮಾಡಿದ್ದನ್ನು ಅಲ್ಲಗಳೆದು ತಪ್ಪು ಹೊರಿಸುವುದು, ಮಕ್ಕಳನ್ನು ದಾಳ ಮಾಡಿಕೊಳ್ಳುವುದು, ಗಂಡಸು ಅನ್ನುವ ಹಕ್ಕು ಚಲಾಯಿಸುವುದು, ಹಣ ಹಿಡಿದಿಟ್ಟುಕೊಳ್ಳುವುದು. ನಾವು ಪ್ರತಿ ಅರಕ್ಕೂ ಎರಡು ಮಾತಿನಂತೆ 16 ಕಾರ್ಡು ಮಾಡುತ್ತೇವೆ. ಅದಕ್ಕೆ ಮೇಲ್ನೋಟಕ್ಕೆ ಯಾವ ದೋಷವೂ ಇಲ್ಲದ, ಎಲ್ಲ ಮನೆಗಳಲ್ಲೂ ಕೇಳಿಬರುವ ಎಂಟು ಮಾತು ಸೇರಿಸಿ ಒಟ್ಟು 24. ಬಂದವರನ್ನು ನಾಲ್ಕು ಗುಂಪು ಮಾಡಿ, ಗುಂಪಿಗೆ ಆರು ಕಾರ್ಡು. ಕಾರ್ಡಿನ ಅಳತೆ 15 × 10 ಸೆಂಟಿಮೀಟರ್, ಕನ್ನಡಕ ಮರೆತು ಬಂದವರಿಗೂ ಕಾಣುವಷ್ಟು ದಪ್ಪ ಅಕ್ಷರ. ಓದಲು ಬಾರದವರಿದ್ದರೆ ಗುಂಪಿನಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ. ನಿಜ ಹೇಳಬೇಕೆಂದರೆ ಗಟ್ಟಿಯಾಗಿ ಓದಿದಾಗಲೇ ಮಾತು ಹೆಚ್ಚು ತಟ್ಟುತ್ತದೆ.

ಮಾತುಗಳು ಪುಸ್ತಕದ ಭಾಷೆಯಲ್ಲಿ ಇರಬಾರದು, ಆಡುವ ಹಾಗೆ ಇರಬೇಕು. ‘ನಿನ್ನ ಅಕ್ಕ ನಮ್ಮಿಬ್ಬರ ಮಧ್ಯೆ ಹುಳಿ ಹಿಂಡ್ತಾಳೆ, ಅವಳ ಫೋನ್ ಎತ್ತಬೇಡ.’ ‘ಸಂಬಳ ಬಂದ ತಕ್ಷಣ ನನ್ನ ಅಕೌಂಟಿಗೆ ಹಾಕು, ನಿಂಗೆ ದುಡ್ಡು ನಿಭಾಯಿಸೋಕೆ ಬರಲ್ಲ.’ ‘ನಾನು ಹಾಗೆ ಹೇಳೇ ಇಲ್ಲ, ನಿಂಗೆ ತಲೆ ಕೆಟ್ಟಿದೆ.’ ‘ನೀನು ಹಾಗೆ ಎದುರುತ್ತರ ಕೊಡದೇ ಇದ್ದಿದ್ರೆ ನಾನ್ಯಾಕೆ ಕೈ ಎತ್ತುತಿದ್ದೆ?’ ‘ಬಿಟ್ಟು ಹೋದ್ರೆ ಮಕ್ಕಳ ಮುಖ ನೋಡೋಕೂ ಬಿಡಲ್ಲ.’ ‘ನೀನಿಲ್ಲದೆ ನಾನು ಸತ್ತೇ ಹೋಗ್ತೀನಿ.’ ದೋಷವಿಲ್ಲದ ಎಂಟರಲ್ಲಿ ಇಂಥವು: ‘ತಲುಪಿದ ಮೇಲೆ ಒಂದು ಮೆಸೇಜ್ ಹಾಕು.’ ‘ಈ ತಿಂಗಳು ಖರ್ಚು ಜಾಸ್ತಿ ಆಯ್ತು, ಕೂತು ಲೆಕ್ಕ ನೋಡೋಣ.’ ‘ನಂಗೆ ಸಿಟ್ಟು ಬಂದಿದೆ, ಸ್ವಲ್ಪ ಹೊತ್ತು ಬಿಟ್ಟು ಮಾತಾಡ್ತೀನಿ.’ ‘ನೀನು ಅವರ ಜೊತೆ ಹೋಗೋದು ನಂಗೆ ಇಷ್ಟ ಇಲ್ಲ.’

ಮೊದಲ ಸುತ್ತು 10 ನಿಮಿಷ. ಕಾರ್ಡುಗಳನ್ನು ಮೂರು ಗುಡ್ಡೆ ಮಾಡಬೇಕು: ‘ಪರವಾಗಿಲ್ಲ’, ‘ಇನ್ನಷ್ಟು ಗೊತ್ತಾಗಬೇಕು’, ‘ಅಪಾಯ’. ಇಲ್ಲಿ ನಾವು ಸರಿ ತಪ್ಪು ಹೇಳುವುದಿಲ್ಲ. ವಾದ ಆಗಲಿ. ‘ನೀನಿಲ್ಲದೆ ಸತ್ತೇ ಹೋಗ್ತೀನಿ’ ಎಂಬುದು ಹೆಚ್ಚಿನ ಗುಂಪುಗಳಲ್ಲಿ ‘ಪರವಾಗಿಲ್ಲ’ಕ್ಕೆ ಬೀಳುತ್ತದೆ, ಅದನ್ನು ಪ್ರೀತಿ ಎಂದೇ ಓದುತ್ತಾರೆ.

ಎರಡನೇ ಸುತ್ತು 25 ನಿಮಿಷ, ತರಬೇತಿಯ ಜೀವಾಳ ಇದು. ಪ್ರತಿ ಕಾರ್ಡಿಗೂ ಒಂದು ಚೀಟಿ ಇರುತ್ತದೆ. ಆ ಮಾತಿಗೆ ‘ಬೇಡ’ ಅಂದಾಗ, ಅಥವಾ ಆ ಮಾತನ್ನು ಮೀರಿದಾಗ ಏನಾಯಿತು ಎಂದು ಅದರಲ್ಲಿ ಬರೆದಿರುತ್ತೇವೆ. ‘ತಲುಪಿದ ಮೇಲೆ ಮೆಸೇಜ್ ಹಾಕು’ ಎಂಬುದರ ಚೀಟಿ: ‘ಮರೆತ ದಿನ ಎರಡು ಗಂಟೆಯಲ್ಲಿ 30 ಕರೆ. ರಾತ್ರಿಯೆಲ್ಲ ವಿಚಾರಣೆ. ಆ ವಾರದಿಂದ ಹೊರಗೆ ಹೋಗುವುದೇ ನಿಂತಿತು.’ ಗುಡ್ಡೆ ಬದಲಾಗುತ್ತದೆ. ‘ನೀನು ಅವರ ಜೊತೆ ಹೋಗೋದು ಇಷ್ಟ ಇಲ್ಲ’ ಎಂಬುದರ ಚೀಟಿ: ‘“ನಾನಂತೂ ಹೋಗ್ತೀನಿ” ಅಂದಳು. ಒಂದು ಹೊತ್ತು ಮುಖ ಗಂಟಿಕ್ಕಿತ್ತು. ಸಂಜೆ “ಹೇಗಿತ್ತು?” ಅಂತ ಕೇಳಿದ.’ ಈ ಕಾರ್ಡು ಅಪಾಯದ ಗುಡ್ಡೆಯಿಂದ ಆಚೆ ಬರುತ್ತದೆ. ಒಂದೇ ಮಾತು ಎರಡು ಮನೆಯಲ್ಲಿ ಎರಡು ಅರ್ಥ ಕೊಡುತ್ತದೆ, ಅರ್ಥ ತಿಳಿಯುವುದು ಮಾತಿಗೆ ಸಿಕ್ಕ ವಿರೋಧವನ್ನು ಆಡಿದವರು ಹೇಗೆ ತೆಗೆದುಕೊಂಡರು ಎಂಬುದರಿಂದ ಎನ್ನುವುದನ್ನು ಯಾವ ಭಾಷಣವೂ ಇಷ್ಟು ಚೆನ್ನಾಗಿ ಮುಟ್ಟಿಸಲಾರದು.

‘ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ’ ಎಂಬ ಗಾದೆ ಈ ಹೊತ್ತಿಗೆ ಯಾರ ಬಾಯಿಂದಾದರೂ ಬಂದೇ ಬರುತ್ತದೆ. ಅದನ್ನು ಹೇಳಿದವರನ್ನು ಬಾಯಿ ಮುಚ್ಚಿಸಬಾರದು, ಅಲ್ಲಿಂದಲೇ ಮುಂದೆ ಹೋಗಬೇಕು. ಜಗಳದಲ್ಲಿ ಇಬ್ಬರೂ ಕೂಗಾಡಬಹುದು, ಇಬ್ಬರೂ ಸೋಲಬಹುದು, ಮಾರನೇ ದಿನ ಇಬ್ಬರ ಬದುಕೂ ಮೊದಲಿನಷ್ಟೇ ಅಗಲ ಇರುತ್ತದೆ. ನಿಯಂತ್ರಣ ಇದ್ದಲ್ಲಿ ಪ್ರತಿ ಸಲವೂ ಒಬ್ಬರ ಬದುಕೇ ಕಿರಿದಾಗುತ್ತದೆ. ಇದನ್ನು ಅಳೆಯಲು ನಾವು ಮೂರು ಪ್ರಶ್ನೆ ಕೊಡುತ್ತೇವೆ. ಬೇಡ ಅಂದಾಗ ಏನಾಗುತ್ತೆ? ಒಂದು ವರ್ಷದ ಹಿಂದೆ ಮಾಡುತ್ತಿದ್ದ ಯಾವುದನ್ನು, ಭೇಟಿಯಾಗುತ್ತಿದ್ದ ಯಾರನ್ನು ಈಗ ಬಿಟ್ಟಿದ್ದೀರಿ? ಬಾಗಿಲಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗ ಮೈ ಬಿಗಿಯುತ್ತದೆಯೇ? ಮೂರಕ್ಕೂ ಉತ್ತರವನ್ನು ಮನಸ್ಸಿನಲ್ಲೇ ಇಟ್ಟುಕೊಳ್ಳಿ ಎಂದು ಸ್ಪಷ್ಟವಾಗಿ ಹೇಳುತ್ತೇವೆ. ಕೈ ಎತ್ತಿಸುವುದಿಲ್ಲ, ಬರೆಸುವುದೂ ಇಲ್ಲ.

ಮೂರನೇ ಪ್ರಶ್ನೆಯನ್ನು ಸೇರಿಸಲು ಬಲವಾದ ಕಾರಣ ಇದೆ. ಮುನ್ಸೂಚನೆಗಳ ಪಟ್ಟಿ ಹಿಂಸೆ ಕೊಡುವವರ ಕೈಗೂ ಸಿಗುತ್ತದೆ. ‘ನೀನು ಮೊನ್ನೆ ನನ್ನ ಫೋನ್ ನೋಡಿದೆಯಲ್ಲ, ಅದೂ ಹಿಂಸೆನೇ’ ಎಂದು ಅವರು ಅದನ್ನೇ ತಿರುಗಿಸಿ ಬಳಸುತ್ತಾರೆ. ವರ್ತನೆಗಳನ್ನು ಮಾತ್ರ ಎಣಿಸುವ ಪಟ್ಟಿಗೆ ಇದರ ಮುಂದೆ ಉತ್ತರ ಇಲ್ಲ. ಹೆದರಿಕೆ ಯಾವ ಕಡೆಯಿಂದ ಯಾವ ಕಡೆಗೆ ಹರಿಯುತ್ತಿದೆ ಎಂದು ನೋಡಿದರೆ ಉತ್ತರ ಇದೆ.

ಹಿಂಸೆಯ ಆವರ್ತದ ಬಗ್ಗೆಯೂ ಒಂದು ಮಾತು. ಮನಶ್ಶಾಸ್ತ್ರಜ್ಞೆ ಲೆನೋರ್ ವಾಕರ್ 1979ರಲ್ಲಿ ಮುಂದಿಟ್ಟ ಮೂರು ಹಂತಗಳು, ಅಂದರೆ ಬಿಗಿತ ಏರುವುದು, ಸ್ಫೋಟ, ಆಮೇಲೆ ಕ್ಷಮೆ ಮತ್ತು ಮುದ್ದು, ಬಹಳ ಕಡೆ ನಿಯಮದ ಹಾಗೆ ಹೇಳಿಕೊಡಲಾಗುತ್ತದೆ. ನಾವು ಐದು ನಿಮಿಷದಲ್ಲಿ ಮುಗಿಸುತ್ತೇವೆ, ಎಲ್ಲ ಮನೆಗಳಲ್ಲೂ ಹೀಗೇ ನಡೆಯುವುದಿಲ್ಲ ಎಂದು ಸೇರಿಸಿಯೇ ಹೇಳುತ್ತೇವೆ. ಕ್ಷಮೆ ಕೇಳುವ ಹಂತವೇ ಇಲ್ಲದ ಮನೆಗಳಿವೆ. ಅಲ್ಲಿಯವರು ಚಿತ್ರ ನೋಡಿ ‘ನಂದು ಇದರಲ್ಲಿ ಬರಲ್ಲ’ ಎಂದು ತಮ್ಮನ್ನು ಹೊರಗಿಟ್ಟುಕೊಳ್ಳುತ್ತಾರೆ. ಇನ್ನು ಸಂಬಂಧ ಶುರುವಾದ ಕೆಲವೇ ವಾರಗಳಲ್ಲಿ ಎಲ್ಲವನ್ನೂ ತ್ವರಿತವಾಗಿ ಗಟ್ಟಿಮಾಡಿಕೊಳ್ಳುವ ಅವಸರ, ದಿನಕ್ಕೆ ಹತ್ತಾರು ಮೆಸೇಜು, ‘ನಂಗೆ ನೀನು, ನಿಂಗೆ ನಾನು, ಬೇರೆ ಯಾರೂ ಬೇಡ’ ಎಂಬ ಧಾಟಿ ಇದ್ದರೆ ಅದನ್ನೂ ಗಮನಿಸಬೇಕು. ಅಲ್ಲೂ ಅದೇ ಪ್ರಶ್ನೆ: ‘ಸ್ವಲ್ಪ ನಿಧಾನ ಮಾಡೋಣ’ ಅಂದಾಗ ಏನಾಯಿತು?

ಪ್ರಾಣಾಪಾಯದ ಲಕ್ಷಣಗಳು

ಇವನ್ನು ಕಾರ್ಡಿನ ಆಟದಲ್ಲಿ ಬೆರೆಸಬಾರದು. ಮುನ್ಸೂಚನೆ ಬೇರೆ, ಕೊಲೆಯ ಅಪಾಯ ಬೇರೆ. 15 ನಿಮಿಷ ಇದಕ್ಕೇ ಮೀಸಲು. ಅಮೆರಿಕದ ನರ್ಸ್ ಮತ್ತು ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲಿ ರೂಪಿಸಿದ ಅಪಾಯ ಅಳೆಯುವ ಪ್ರಶ್ನಾವಳಿಯಲ್ಲಿ ಈಗ 20 ಪ್ರಶ್ನೆಗಳಿವೆ. ಸಾಮಾನ್ಯ ಜನರಿಗೆ ನೆನಪಿರಬೇಕಾದವನ್ನು ನಾವು ಅದರಿಂದ ಆರಿಸಿ ಹೇಳುತ್ತೇವೆ: ಹಿಂಸೆ ಇತ್ತೀಚೆಗೆ ಹೆಚ್ಚಾಗಿದೆಯೇ, ಆಯುಧ ಕೈಗೆಟುಕುವಂತಿದೆಯೇ, ಕೊಲ್ಲುವ ಬೆದರಿಕೆ ಹಾಕಿದ್ದಾರೆಯೇ, ಬಲವಂತದ ಸಂಭೋಗ ಆಗಿದೆಯೇ, ಗರ್ಭಿಣಿಯಾಗಿದ್ದಾಗ ಹೊಡೆದಿದ್ದಾರೆಯೇ, ಹಿಂಬಾಲಿಸುತ್ತಾರೆಯೇ, ತಾವೇ ಸಾಯುತ್ತೇನೆ ಎಂದಿದ್ದಾರೆಯೇ, ಕತ್ತು ಹಿಸುಕಿದ್ದಾರೆಯೇ.

ಕೊನೆಯದರ ಮೇಲೆ ನಾವು ಹೆಚ್ಚು ಹೊತ್ತು ನಿಲ್ಲುತ್ತೇವೆ. ಪ್ರಶ್ನೆ ಕೇಳುವ ರೀತಿಯಲ್ಲೇ ಸೂಕ್ಷ್ಮ ಇದೆ. ‘ಕತ್ತು ಹಿಸುಕಿದ್ದಾರಾ?’ ಅಂದರೆ ‘ಇಲ್ಲ, ಸುಮ್ಮನೆ ಕುತ್ತಿಗೆ ಹಿಡಿದುಕೊಂಡಿದ್ರು’ ಎಂಬ ಉತ್ತರ ಬರುತ್ತದೆ. ‘ಕುತ್ತಿಗೆಗೆ ಯಾವತ್ತಾದ್ರೂ ಕೈ ಹಾಕಿದ್ದಾರಾ, ಉಸಿರು ಕಟ್ಟಿದ ಹಾಗೆ ಆಗಿತ್ತಾ?’ ಎಂದು ಕೇಳಬೇಕು. ಕುತ್ತಿಗೆಯ ರಕ್ತನಾಳ ಒತ್ತಿದರೆ 10 ಸೆಕೆಂಡಿನ ಆಸುಪಾಸಿನಲ್ಲೇ ಪ್ರಜ್ಞೆ ತಪ್ಪಬಹುದು. ಹೊರಗೆ ಗುರುತೇ ಇಲ್ಲದಿರುವುದು ಸಾಮಾನ್ಯ. ಧ್ವನಿ ಒಡೆಯುವುದು, ನುಂಗಲು ನೋವು, ಕಣ್ಣಿನ ಬಿಳಿಭಾಗದಲ್ಲಿ ಸೂಜಿಮೊನೆಯಷ್ಟು ಕೆಂಪು ಚುಕ್ಕೆಗಳು, ನಡುವಿನ ಕೆಲವು ಕ್ಷಣ ನೆನಪಿಲ್ಲದಿರುವುದು, ಅರಿವಿಲ್ಲದೆ ಮೂತ್ರ ಹೋಗಿರುವುದು, ಇವುಗಳಲ್ಲಿ ಯಾವುದಿದ್ದರೂ ಅದೇ ದಿನ ವೈದ್ಯರಿಗೆ ತೋರಿಸಬೇಕು ಮತ್ತು ‘ಕುತ್ತಿಗೆ ಒತ್ತಿದ್ದರು’ ಎಂದು ಬಾಯಿಬಿಟ್ಟು ಹೇಳಬೇಕು. ಏನೂ ಕಾಣದಿದ್ದರೂ ತೋರಿಸುವುದೇ ಸರಿ. ಒಳಗೆ ರಕ್ತನಾಳದ ಗೋಡೆ ಸೀಳಿದ್ದರೆ ದಿನಗಳ ನಂತರವೂ ಪಾರ್ಶ್ವವಾಯು ಬಡಿಯಬಹುದು. 2008ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ, ಹಿಂದೆ ಒಮ್ಮೆ ಸಂಗಾತಿ ಕತ್ತು ಹಿಸುಕಿದ್ದ ಹೆಂಗಸರು ಮುಂದೆ ಅದೇ ಸಂಗಾತಿಯಿಂದ ಕೊಲೆಯಾಗುವ ಸಂಭವ ಏಳು ಪಟ್ಟಿಗೂ ಹೆಚ್ಚು ಎಂದು ಕಂಡುಬಂದಿತು. ‘ಒಂದೇ ಒಂದು ಸಲ, ಸಿಟ್ಟಿನಲ್ಲಿ’ ಎಂಬ ಮಾತನ್ನು ಇಲ್ಲಿ ಒಪ್ಪಲೇಬಾರದು.

ಇದೇ ಹಂತದಲ್ಲಿ ಯಾರಾದರೂ ಕೇಳುತ್ತಾರೆ: ‘ಇಷ್ಟೆಲ್ಲ ಇದ್ದರೆ ಬಿಟ್ಟು ಬರಬಾರದೇ?’ ಉತ್ತರ ನೇರವಾಗಿ ಕೊಡಿ. ಬಿಟ್ಟು ಹೋಗುವ ಮತ್ತು ಹೋದ ಮೇಲಿನ ಹೊತ್ತೇ ಅತ್ಯಂತ ಅಪಾಯದ್ದು, ಏಕೆಂದರೆ ಹಿಡಿತ ಕೈತಪ್ಪುತ್ತಿದೆ ಎಂದು ಗೊತ್ತಾಗುವುದು ಆಗಲೇ. ಆದ್ದರಿಂದ ನಾವು ಯಾರಿಗೂ ‘ಹೊರಟು ಬಾ’ ಎಂದು ಹೇಳುವುದಿಲ್ಲ. ಹೊರಡುವುದನ್ನು ತರಬೇತಿ ಇರುವ ಆಪ್ತಸಮಾಲೋಚಕರ ಜೊತೆ ಕೂತು ಯೋಜನೆ ಮಾಡಬೇಕು: ಗುರುತಿನ ದಾಖಲೆ, ಔಷಧಿ, ಒಂದಿಷ್ಟು ನಗದು ಎಲ್ಲಿರಬೇಕು, ಯಾರ ಮನೆ, ಯಾವ ಹೊತ್ತು, ಮಕ್ಕಳು ಎಲ್ಲಿ. ತಕ್ಷಣ ಪ್ರಾಣಕ್ಕೆ ಕುತ್ತು ಇದ್ದರೆ ಮಾತ್ರ ಯೋಜನೆಗೆ ಕಾಯದೆ ತುರ್ತು ಸೇವೆಗೆ ಕರೆ ಮಾಡಬೇಕು.

ಫೋನು

ಸಂಗಾತಿಗೆ ಗೊತ್ತಿರಲು ಸಾಧ್ಯವೇ ಇಲ್ಲದ ಸಂಗತಿಗಳು ಪದೇ ಪದೇ ಗೊತ್ತಾಗುತ್ತಿದ್ದರೆ ಫೋನನ್ನು ಅನುಮಾನಿಸಬೇಕು. ಹೆಚ್ಚಿನ ಸಲ ಗೂಢಚಾರ ಆ್ಯಪೇ ಬೇಕಿರುವುದಿಲ್ಲ, ಹಂಚಿಕೊಂಡ ಪಾಸ್‌ವರ್ಡ್, ಲೊಕೇಶನ್ ಶೇರಿಂಗ್, ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದೇ ಇರುವ ವಾಟ್ಸ್ಆ್ಯಪ್ ಸಾಕು. ಇಲ್ಲಿ ಹೊಸಬರು ಮಾಡುವ ದೊಡ್ಡ ತಪ್ಪೆಂದರೆ ‘ಈಗಲೇ ತೆಗೆದುಹಾಕಿ’ ಎಂದು ಸಲಹೆ ಕೊಡುವುದು. ಇದ್ದಕ್ಕಿದ್ದಂತೆ ಕಣ್ಗಾವಲು ನಿಂತರೆ ಆ ಕಡೆಯವರಿಗೆ ತಕ್ಷಣ ಗೊತ್ತಾಗುತ್ತದೆ, ಅವತ್ತೇ ಹಿಂಸೆ ಏರಬಹುದು. ಮೊದಲು ಬೇರೆಯವರ ಫೋನಿನಿಂದ ಸಹಾಯ ಕೇಳಿ, ಸುರಕ್ಷತೆಯ ಏರ್ಪಾಡು ಮಾಡಿ, ಆಮೇಲೆ ತೆಗೆಯುವುದು. ಇದೇ ಕಾರಣಕ್ಕೆ ನಮ್ಮ ಸಹಾಯವಾಣಿಯ ಚೀಟಿಯಲ್ಲಿ ಕ್ಯೂಆರ್ ಕೋಡ್ ಇಲ್ಲ, ಸ್ಕ್ಯಾನ್ ಮಾಡಿದ್ದು ಬ್ರೌಸರ್ ಹಿಸ್ಟರಿಯಲ್ಲಿ ಉಳಿಯುತ್ತದೆ.

ಕೆನಡಿಯನ್ ವಿಮೆನ್ಸ್ ಫೌಂಡೇಶನ್ ಎಂಬ ಸಂಸ್ಥೆ ವಿಡಿಯೊ ಕರೆಯಲ್ಲಿ ಬಳಸಲೆಂದು 2020ರ ಏಪ್ರಿಲ್‌ನಲ್ಲಿ ಹೊರತಂದ ಕೈಸನ್ನೆಯನ್ನು ಎಲ್ಲರ ಕೈಯಲ್ಲೂ ಒಮ್ಮೆ ಮಾಡಿಸುತ್ತೇವೆ: ಅಂಗೈ ಎದುರಿನವರಿಗೆ ಕಾಣುವಂತೆ ಹಿಡಿದು, ಹೆಬ್ಬೆರಳನ್ನು ಒಳಗೆ ಮಡಚಿ, ಉಳಿದ ನಾಲ್ಕು ಬೆರಳಿನಿಂದ ಅದನ್ನು ಮುಚ್ಚುವುದು. ಅದರ ಅರ್ಥ ‘ನನ್ನನ್ನು ಸುರಕ್ಷಿತವಾಗಿ ಸಂಪರ್ಕಿಸಿ’ ಎಂದು. ಕಂಡ ಕೂಡಲೇ ‘ಏನಾಯ್ತು?’ ಎಂದು ಸ್ಪೀಕರಿನಲ್ಲಿ ಕೂಗಬಾರದು. ಹೌದು, ಇಲ್ಲ ಎಂದಷ್ಟೇ ಉತ್ತರಿಸಬಹುದಾದ ಪ್ರಶ್ನೆ ಕೇಳಬೇಕು. ಈ ಸನ್ನೆ ಬಹಳ ಪ್ರಚಾರವಾಗಿದೆ, ಹಿಂಸೆ ಕೊಡುವವರಿಗೂ ಗೊತ್ತಿರಬಹುದು ಎಂದೂ ಹೇಳಿಬಿಡುತ್ತೇವೆ.

ಪಕ್ಕದಲ್ಲಿರುವವರಿಗೆ

ಬಂದವರಲ್ಲಿ ಹೆಚ್ಚಿನವರಿಗೆ ಉಪಯೋಗಕ್ಕೆ ಬರುವುದು ಈ ಭಾಗ. ಗೆಳತಿ, ತಂಗಿ, ಸಹೋದ್ಯೋಗಿ ವಿಷಯದಲ್ಲಿ ಅನುಮಾನ ಬಂದರೆ ಏನು ಮಾತಾಡಬೇಕು? ಜೋಡಿ ಮಾಡಿ 20 ನಿಮಿಷ ಬಾಯಲ್ಲಿ ಆಡಿಸುತ್ತೇವೆ. ಕಂಡದ್ದರಿಂದ ಶುರು ಮಾಡಿ: ‘ಇತ್ತೀಚೆಗೆ ಫೋನ್ ಬಂದ ತಕ್ಷಣ ನೀನು ಗಾಬರಿಯಾಗೋದು ನೋಡಿದೆ, ಎಲ್ಲ ಸರಿ ಇದೆಯಾ?’ ಏನೂ ಇಲ್ಲ ಅಂದರೆ ಒತ್ತಾಯ ಬೇಡ: ‘ಆಯ್ತು. ಯಾವತ್ತು ಬೇಕಾದ್ರೂ ನಾನಿದ್ದೀನಿ.’ ಹೇಳಿಕೊಂಡರೆ ಮೊದಲು ‘ನಿನ್ನ ಮಾತು ನಂಬ್ತೀನಿ, ಇದು ನಿನ್ನ ತಪ್ಪಲ್ಲ’ ಎಂದು ಹೇಳಿ, ಆಮೇಲೆ ‘ಯಾವ ಹೊತ್ತಲ್ಲಿ ಫೋನ್ ಮಾಡಿದ್ರೆ ನಿಂಗೆ ತೊಂದರೆ ಇಲ್ಲ?’ ಎಂದು ಕೇಳಬೇಕು. ಅವರ ಸಂಗಾತಿಯನ್ನು ಬೈಯಬಾರದು. ಬೈದರೆ ಅವರು ಸಂಗಾತಿಯ ಪರ ನಿಲ್ಲುತ್ತಾರೆ, ಮುಂದಿನ ಸಲ ನಿಮ್ಮ ಹತ್ತಿರ ಬರುವುದಿಲ್ಲ. ಸಂಗಾತಿಯನ್ನು ಕರೆದು ಕೇಳುವುದು, ‘ಇಬ್ಬರನ್ನೂ ಕೂರಿಸಿ ರಾಜಿ ಮಾಡಿಸೋಣ’ ಅನ್ನುವುದು ಎರಡೂ ಅಪಾಯ. ಎದುರು ಕೂತಾಗ ಹೇಳಿದ ಪ್ರತಿ ಮಾತಿಗೂ ಮನೆಗೆ ಹೋದ ಮೇಲೆ ಲೆಕ್ಕ ಕೊಡಬೇಕಾಗುತ್ತದೆ. ಹಿಂಸೆ ನಡೆಯುತ್ತಿರುವಲ್ಲಿ ಜೋಡಿ ಸಮಾಲೋಚನೆ ಸಾಮಾನ್ಯವಾಗಿ ಬೇಡ ಎನ್ನುವುದೂ ಇದಕ್ಕೇ.

ಎಡವಟ್ಟಾಗುವ ಕಡೆಗಳು ಗೊತ್ತಿದ್ದರೆ ಒಳ್ಳೆಯದು. ಗುಂಪಿನ ನಡುವೆ ಒಬ್ಬರು ತಮ್ಮ ಕಥೆ ಹೇಳಲು ಶುರು ಮಾಡಿದರೆ, ಕೇಳಲು ಮನಸ್ಸಾಗುತ್ತದೆ, ಆದರೂ ಎರಡು ವಾಕ್ಯದೊಳಗೆ ಮೃದುವಾಗಿ ತಡೆಯಬೇಕು: ‘ನೀವು ಹೇಳಿದ್ದು ಮುಖ್ಯ, ನಾವಿಬ್ಬರೇ ಕೂತು ಮಾತಾಡೋಣ.’ ಗುಂಪಿನಲ್ಲಿ ಅವರ ಸಂಗಾತಿಯ ಪರಿಚಯದವರು ಇರಬಹುದು. ಜೋಡಿಯಾಗಿ ಬಂದವರನ್ನು ‘ಗುಂಪು ಬೆರೆಸೋಣ’ ಎಂದು ಒಂದರಿಂದ ನಾಲ್ಕರವರೆಗೆ ಎಣಿಸಿ ಬೇರೆ ಬೇರೆ ಕೂರಿಸುತ್ತೇವೆ. ಕಾರ್ಡುಗಳ ಫೋಟೊ ತೆಗೆದು ಮನೆಯಲ್ಲಿ ‘ನೋಡು, ನೀನೂ ಹೀಗೇ’ ಎಂದು ತೋರಿಸಬೇಡಿ ಎಂದು ಬಿಡಿಸಿ ಹೇಳಲೇಬೇಕು. ಹೇಳದಿದ್ದರೆ ಖಂಡಿತ ಯಾರಾದರೂ ತೋರಿಸುತ್ತಾರೆ.

ಪರಿಣಾಮ ಅಳೆಯಲು ಬಂದವರ ತಲೆ ಎಣಿಸಿ ಪ್ರಯೋಜನ ಇಲ್ಲ. ಶುರುವಿನಲ್ಲೂ ಕೊನೆಯಲ್ಲೂ ಹೆಸರಿಲ್ಲದ ಚೀಟಿಯಲ್ಲಿ ಅದೇ ನಾಲ್ಕು ಸನ್ನಿವೇಶ ಕೊಟ್ಟು, ಯಾವುದು ಅಪಾಯ, ಏಕೆ ಎಂದು ಒಂದು ಸಾಲು ಬರೆಸುತ್ತೇವೆ. ‘ಏಕೆ’ ಎಂಬ ಸಾಲು ಬದಲಾಗಿದ್ದರೆ ಕಲಿತಿದ್ದಾರೆ. ನಾಲ್ಕರಲ್ಲಿ ಒಂದು ಮಾಮೂಲಿ ಜಗಳ. ಕೊನೆಯ ಚೀಟಿಗಳಲ್ಲಿ ಅದಕ್ಕೂ ‘ಅಪಾಯ’ ಎಂದು ಬಂದರೆ ನಾವು ಹೆದರಿಸಿದ್ದೇವೆ, ಕಲಿಸಿಲ್ಲ.

ಸಹಾಯವಾಣಿಯ ಸಂಖ್ಯೆ ಇರುವ ಚೀಟಿಯನ್ನು ಕೈಗೆ ಕೊಡುವುದಿಲ್ಲ. 5 × 3 ಸೆಂಟಿಮೀಟರ್ ಅಳತೆಯ ಬಿಳಿ ಚೀಟಿ, ಮೇಲೆ ಶೀರ್ಷಿಕೆ ಇಲ್ಲ, ಲಾಂಛನ ಇಲ್ಲ, ಸಂಖ್ಯೆ ಮಾತ್ರ. ಮುದ್ರಿಸುವ ಮುನ್ನ ಪ್ರತಿ ಸಲವೂ ನಾವೇ ಆ ಸಂಖ್ಯೆಗೆ ಕರೆ ಮಾಡಿ, ಯಾವ ಹೊತ್ತಲ್ಲಿ ಎತ್ತುತ್ತಾರೆ, ಯಾವ ಭಾಷೆಯಲ್ಲಿ ಮಾತಾಡುತ್ತಾರೆ ಎಂದು ಖಚಿತ ಮಾಡಿಕೊಳ್ಳುತ್ತೇವೆ. 40 ಚೀಟಿ ಎಣಿಸಿ ಶೌಚಾಲಯದ ಒಳಗೆ, ಬಾಗಿಲು ಹಾಕಿಕೊಂಡ ಮೇಲೆ ಕಾಣುವ ಜಾಗದಲ್ಲಿ ಇಡುತ್ತೇವೆ. ಕಾರ್ಯಕ್ರಮ ಮುಗಿದ ಮೇಲೆ ಕಾರ್ಡು ಎಣಿಸಿ, ಬೋರ್ಡು ಒರೆಸಿ, ಒಬ್ಬರು 45 ನಿಮಿಷ ಅಲ್ಲೇ ಉಳಿಯುತ್ತೇವೆ, ಕುರ್ಚಿ ಜೋಡಿಸುವ ನೆಪದಲ್ಲಿ. ಮಾತಾಡಬೇಕಾದವರು ಸಾಮಾನ್ಯವಾಗಿ ಬಿಟ್ಟುಹೋದ ಕೊಡೆಯೋ ಬ್ಯಾಗೋ ನೆಪ ಮಾಡಿಕೊಂಡು ಎಲ್ಲರೂ ಹೋದ ಮೇಲೆ ವಾಪಸ್ ಬರುತ್ತಾರೆ.